ಮೂವತ್ತೆಂಟು ಎಂದು ಓದಿದ್ದು

ಹೆಂಡತಿಯ ಹೊಲಿಗೆ ಮಷಿನ್ನಿನ ಡ್ರಾಯರಿನಿಂದ ಇಂಚುಪಟ್ಟಿಯನ್ನು ಹೊರಗೆ ತೆಗೆದಾಗ ಮೊದಲು ಬಂದದ್ದು ಪೌಡರಿನ ವಾಸನೆ. ಯಾವಾಗಲೋ ಆ ಡ್ರಾಯರಿನೊಳಗೆ ಪೌಡರ್ ಡಬ್ಬಿ ಮಗುಚಿ ಬಿದ್ದಿತ್ತಂತೆ, ಅದರ ಪುಡಿ ಪಟ್ಟಿಗೂ ಮೆತ್ತಿಕೊಂಡಿತ್ತು. ಮಷಿನ್ ಎಣ್ಣೆ, ರೆಕ್ಸಿನ್, ಅದರ ಮೇಲೆ ಸಣ್ಣಗೆ ಪೌಡರು... ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ನಿಂತಲ್ಲೇ ನಿಂತೆ. ಈ ವಾಸನೆ ಮೂಗಿಗೆ ಬಡಿದು ಇಪ್ಪತ್ತು ವರ್ಷದ ಮೇಲಾಗಿತ್ತು. ಅಂಕೋಲೆಯ ಟೇಲರ್ ಮಾಮ ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ತಮ್ಮ ಇಂಚುಪಟ್ಟಿಗೆ ಪೌಡರ್ ಸವರುತ್ತಿದ್ದರು. ನಮ್ಮ ಕಡಲ ಬದಿಯ ಸೆಕೆಗೆ ಎಂಥವರ ಮೈಯೂ ಬೆವರಿರುತ್ತದೆ, ಪಟ್ಟಿ ಅಂಟಿಕೊಂಡರೆ ಅಳತೆ ತಪ್ಪುತ್ತದೆ ಎಂದು ಅವರು ಹೇಳುತ್ತಿದ್ದರು.

ಪಟ್ಟಿ ಬೇಕಾಗಿದ್ದದ್ದು ನನ್ನನ್ನು ನಾನೇ ಅಳೆದುಕೊಳ್ಳಲು. ಹೆಂಡತಿಯ ಅಣ್ಣನ ಮಗನ ಮದುವೆ, ಮಡಗಾಂವದಲ್ಲಿ. ಆರತಕ್ಷತೆಗೆ ನಮ್ಮ ಕಡೆಯ ಗಂಡಸರೆಲ್ಲ ಒಂದೇ ಬಣ್ಣದ ಸೂಟು ಹಾಕಬೇಕೆಂದು ಮದುಮಗನ ಗೆಳೆಯರು ಠರಾವು ಮಾಡಿ, ಎಲ್ಲರ ಫೋನಿಗೂ ಒಂದು ಫಾರ್ಮು ಕಳಿಸಿದ್ದರು. ಕುತ್ತಿಗೆ, ಭುಜ, ಎದೆ, ಸೊಂಟ, ತೋಳು, ಕಾಲಿನ ಒಳಬದಿ... ಒಂದೊಂದರ ಎದುರಿಗೂ ಒಂದು ಖಾಲಿ ಚೌಕ. ಜೊತೆಗೊಂದು ವಿಡಿಯೊ. ಅದರಲ್ಲಿ ಹೊಟ್ಟೆಯೇ ಇಲ್ಲದ ಒಬ್ಬ ಯುವಕ ನಗುನಗುತ್ತ ಹತ್ತು ನಿಮಿಷದಲ್ಲಿ ತನ್ನನ್ನು ತಾನು ಅಳೆದುಕೊಂಡು ಕೈ ಝಾಡಿಸಿಬಿಡುತ್ತಾನೆ. ನನಗೆ ಫಾರ್ಮು ಬಂದು ಹನ್ನೆರಡು ದಿನವಾಗಿತ್ತು. ಎಲ್ಲರ ಅಳತೆಯೂ ಹೋಗಿತ್ತು, ನನ್ನದೊಂದೇ ಬಾಕಿ.

ಬಾಕಿ ಉಳಿದದ್ದು ಸೋಮಾರಿತನದಿಂದಲ್ಲ, ಹೆದರಿಕೆಯಿಂದ. ಮಳೆಗಾಲ ಮುಗಿದಾಗಿನಿಂದ ನನ್ನ ಪ್ಯಾಂಟುಗಳು ಸಡಿಲವಾಗುತ್ತಿವೆ. ಬೆಲ್ಟಿಗೆ ಮೊಳೆ ಕಾಸಿ ಒಂದು ಹೊಸ ತೂತು ಮಾಡಿದೆ. ತಿಂಗಳು ಕಳೆಯುವುದರೊಳಗೆ ಇನ್ನೊಂದು ಮಾಡಿದೆ. ನಾನು ಪಥ್ಯ ಹಿಡಿದವನಲ್ಲ, ಬೆಳಿಗ್ಗೆ ಎದ್ದು ಬೀಚಿನಲ್ಲಿ ಓಡಿದವನೂ ಅಲ್ಲ. ಬಂಗಡೆ ಸಾರು, ಅನ್ನ ಮೊದಲಿನಷ್ಟೇ ಹೊಟ್ಟೆಗೆ ಹೋಗುತ್ತಿದೆ. ಕಾರವಾರದ ಹಬ್ಬುವಾಡದ ನಮ್ಮ ಗಲ್ಲಿಯಲ್ಲಿ ಯಾರಾದರೂ "ತೆಳ್ಳಗಾದ್ರಿ, ಚಲೋ ಕಾಣ್ತೀರಿ" ಎಂದರೆ ಹೊರಗೆ ನಗುತ್ತೇನೆ, ಒಳಗೆ ಕೈಕಾಲು ತಣ್ಣಗಾಗುತ್ತವೆ. ಹೆಂಡತಿಗೆ ಹೇಳಿರಲಿಲ್ಲ. ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಡುವುದನ್ನು ರೂಢಿ ಮಾಡಿಕೊಂಡಿದ್ದೆ. ಹೇಳದಿದ್ದರೆ ಅದು ಇಲ್ಲವೆಂದೇ ಆಗುತ್ತದೆ ಎಂದು ಐವತ್ತು ದಾಟಿದ ಗಂಡಸು ನಂಬಬಾರದು, ಆದರೆ ನಂಬಿದ್ದೆ.

ಇವತ್ತು ಭಾನುವಾರ, ಮಧ್ಯಾಹ್ನ ಹೆಂಡತಿ ಪಕ್ಕದ ಮನೆಗೆ ಹೋಗಿದ್ದಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಪಟ್ಟಿಯನ್ನು ಸೊಂಟಕ್ಕೆ ಸುತ್ತಿದೆ. ಮೊದಲನೇ ಸಲ ಮೂವತ್ತೈದು ಬಂತು. ಪಟ್ಟಿಯೊಳಗೆ ಇಡೀ ಅಂಗೈ ತೂರುವಷ್ಟು ಸಡಿಲ ಬಿಟ್ಟಿದ್ದೆ. ಎರಡನೇ ಸಲ ಹೊಟ್ಟೆಯನ್ನು ಕಷ್ಟಪಟ್ಟು ಉಬ್ಬಿಸಿದೆ, ಮೂವತ್ತನಾಲ್ಕು. ಮೂರನೇ ಸಲ ಪಟ್ಟಿಯನ್ನು ಬಿಗಿ ಹಿಡಿಯುವ ಮೊದಲೇ ಕಣ್ಣು ಮುಚ್ಚಿಕೊಂಡೆ. ಟೇಲರ್ ಮಾಮ ಇದ್ದಿದ್ದರೆ ಗೊಳ್ಳನೆ ನಗುತ್ತಿದ್ದರು. "ತನ್ನ ಅಳತೆ ತಾನು ತಕಂಡ್ರೆ ಮನಸಿಗೆ ಬೇಕಾದಷ್ಟೇ ಬರ್ತದೆ, ತಮಾ" ಎನ್ನುತ್ತಿದ್ದರು ಅವರು. ಹಾಸಿಗೆಯ ಅಂಚಿಗೆ ಕುಳಿತುಬಿಟ್ಟೆ. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯ ಆಗ ಎದೆಗೆ ಬಂದು ಕುಳಿತಿತು.

ಆಗ ನನಗೆ ಇಪ್ಪತ್ತೇಳು. ಅಂಕೋಲೆಯಲ್ಲಿ ಒಬ್ಬ ಖಾಸಗಿ ಸರ್ವೆಯರರ ಕೈಕೆಳಗೆ ಕೆಲಸ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಮಾಳಿಗೆಯ ಮೇಲೆ ನನ್ನ ಬಾಡಿಗೆ ಕೋಣೆ, ಅದರ ಕೆಳಗೆ ಟೇಲರ್ ಮಾಮನ ಅಂಗಡಿ. ಕೋಣೆಗೆ ಹತ್ತುವ ಏಣಿಮೆಟ್ಟಿಲು ಅಂಗಡಿಯ ಬದಿಯಿಂದಲೇ ಹೋಗುತ್ತಿತ್ತು, ಹಾಗಾಗಿ ದಿನಕ್ಕೆ ಎರಡು ಸಲವಾದರೂ ಅವರ ಮುಖ ನೋಡದೆ ನನ್ನ ದಿನ ಸಾಗುತ್ತಿರಲಿಲ್ಲ. ಅಂಕೋಲೆಯವರೆಲ್ಲ ಅವರನ್ನು ಟೇಲರ್ ಮಾಮ ಎಂದೇ ಕರೆಯುತ್ತಿದ್ದರು. ಬೋರ್ಡಿನ ಮೇಲೆ 'ಸೂಟ್ ಸ್ಪೆಷಲಿಸ್ಟ್' ಎಂದು ನೀಲಿ ಅಕ್ಷರದಲ್ಲಿ ಬರೆದಿತ್ತು. ಆ ಸುತ್ತಿನ ಮದುಮಕ್ಕಳಲ್ಲಿ ಅರ್ಧಕ್ಕರ್ಧ ಜನ ಅವರ ಕತ್ತರಿಯಿಂದಲೇ ಬಂದವರು.

ಅಳತೆ ಎಂದರೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹೆದರಿಕೆ. ನಾನು ಹುಟ್ಟಿದ್ದು ಅರ್ಗಾದ ಮೀನುಗಾರರ ಮನೆಯಲ್ಲಿ. ನೌಕಾನೆಲೆಗೆ ಜಾಗ ಬೇಕೆಂದು ಅಳತೆಯವರು ಚೈನು ಹಿಡಿದು ಬಂದಾಗ ನಾನು ಶಾಲೆಗೆ ಹೋಗುತ್ತಿದ್ದೆ. ಅಜ್ಜಿ ಹೊಸ್ತಿಲ ಮೇಲೆ ಕುಳಿತು, ಅಳೆದದ್ದು ಉಳಿಯೂದಿಲ್ಲ, ಅಳೆಯಬೇಡಿ ಎಂದು ಕೈ ಮುಗಿದಿದ್ದಳು. ಮಕ್ಕಳು ಗೋಡೆಗೆ ನಿಂತು ಎತ್ತರ ಗುರುತು ಹಾಕಿದರೂ ಅವಳಿಗೆ ಆಗುತ್ತಿರಲಿಲ್ಲ. ಮನೆ ಹೋಯಿತು, ನಾವು ಕಾರವಾರಕ್ಕೆ ಬಂದೆವು. ಅಂಥ ಅಜ್ಜಿಯ ಮೊಮ್ಮಗ ಹೊಟ್ಟೆಪಾಡಿಗೆ ಅಳತೆಯ ಕೆಲಸಕ್ಕೇ ಸೇರಿದ್ದು ನೋಡಿ ಅಪ್ಪ ಮೂರು ದಿನ ಮಾತು ಬಿಟ್ಟಿದ್ದ.

ಸರ್ವೆಯರರು ಕೆಲಸದಲ್ಲಿ ಗಟ್ಟಿಗರು, ಆದರೆ ಅವರಿಗೊಂದು ಚಟವಿತ್ತು. ಅಗಸೂರಿನ ಒಂದು ಗದ್ದೆ ಅಳೆಯುವಾಗ ಅದನ್ನು ನನಗೂ ಕಲಿಸಿದರು. ಹಳೆಯ ನಕ್ಷೆಯಲ್ಲಿದ್ದದ್ದಕ್ಕೂ ನಾನು ಓದಿದ್ದಕ್ಕೂ ಎರಡು ಮಾರು ವ್ಯತ್ಯಾಸ ಬಂದಿತ್ತು. ನಾನು ಹೊಸ ಅಂಕಿ ಕೂಗಿದೆ. ಗದ್ದೆಯ ಎರಡೂ ಬದಿಯ ಅಣ್ಣತಮ್ಮಂದಿರು ಕಿವಿ ನಿಮಿರಿಸಿದರು. ಸರ್ವೆಯರರು ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಹಳೇದೇ ಬರಿ. ಹೊಸ ನಂಬ್ರ ಬರದ್ರೆ ಹೊಸ ಜಗಳ" ಎಂದರು. ಹಳೆಯದನ್ನೇ ಬರೆದೆ. ಎಲ್ಲರೂ ಸಮಾಧಾನದಿಂದ ಎಳನೀರು ಕುಡಿದು ಮನೆಗೆ ಹೋದರು. ಆಮೇಲೆ ಅದು ನನಗೆ ಎಷ್ಟು ರೂಢಿಯಾಯಿತೆಂದರೆ, ಅಂಕಿ ಇಳಿದದ್ದು ಕಂಡಕೂಡಲೇ ನನ್ನ ಬಾಯಿ ತಾನಾಗಿಯೇ ಹಳೆಯದನ್ನು ಹೇಳಿಬಿಡುತ್ತಿತ್ತು.

ಟೇಲರ್ ಮಾಮ ಇದಕ್ಕೆ ಪೂರಾ ತದ್ವಿರುದ್ಧ. ನಾನು ಹುಡುಗಿ ನೋಡಲು ಹೋಗುವುದಕ್ಕೆಂದು ಮೊದಲ ಬಾರಿ ಅವರ ಬಳಿ ಪ್ಯಾಂಟು ಶರಟು ಹೊಲಿಸಿದೆ. ಅಳತೆಗೆ ನಿಂತದ್ದೇ ತಡ, ಎದೆ ಉಬ್ಬಿಸಿ ಹೊಟ್ಟೆ ಒಳಗೆ ಎಳೆದುಕೊಂಡೆ. ಅವರು ಪಟ್ಟಿಯನ್ನು ನನ್ನ ಎದೆಗೆ ಸುತ್ತಿ ಎರಡು ಬೆರಳು ಒಳಗಿಟ್ಟು ಸುಮ್ಮನೆ ನಿಂತರು. ಓದಲಿಲ್ಲ. ನಿನ್ನೆ ಬಂದರಿಗೆ ಬಂಗಡೆ ಬಂದಿತ್ತೋ ಎಂದು ಕೇಳಿದರು. ನೊಗ್ಲಿ ಮೀನಿಗೆ ನಿಮ್ಮ ಕಡೆ ಕೊಕಂ ಹಾಕುತ್ತಾರೋ ಹುಣಸೆಯೋ ಎಂದು ಕೇಳಿದರು. ನಾನು ಹುಣಸೆ ಎಂದೆ. ಅವರು ಒಪ್ಪಲಿಲ್ಲ. ನಾನು ನನ್ನ ಅಮ್ಮನ ಪರವಾಗಿ ವಾದಕ್ಕೆ ಇಳಿದೆ. ವಾದದ ನಡುವೆ ಎಲ್ಲೋ ನನ್ನ ಉಸಿರು ತಾನಾಗಿ ಕೆಳಗಿಳಿಯಿತು, ಹೊಟ್ಟೆ ತನ್ನ ಜಾಗಕ್ಕೆ ಬಂತು. ತಟ್ಟನೆ ಪಟ್ಟಿ ಓದಿಕೊಂಡರು. ಹೆದರಿಕೊಂಡ ಮೈಯ ಅಳತೆ ತೆಗೆದರೆ ಅಂಗಿಯೂ ಹೆದರಿಕೊಂಡೇ ಇರುತ್ತದೆ ಎಂದು ನಕ್ಕರು. ಕಡಲಿಗೆ ಹೋಗುವ ಗಟ್ಟಿ ಆಳುಗಳೂ ಪಟ್ಟಿ ಕಂಡರೆ ಹೀಗೇ ಉಬ್ಬಿಕೊಳ್ಳುತ್ತಾರಂತೆ. ಅವರ ಕೆಲಸದಲ್ಲಿ ಅರ್ಧ ಹೊಲಿಗೆ, ಇನ್ನರ್ಧ ಕಾಯುವುದು. ಆ ಶರಟು ಹಾಕಿಕೊಂಡು ಹೋಗಿ ನೋಡಿದ ಹುಡುಗಿಯೇ ಈಗ ಪಕ್ಕದ ಮನೆಯಲ್ಲಿ ಮಾತಾಡುತ್ತಿದ್ದವಳು.

ನನ್ನ ಮದುವೆಯಾದ ಮುಂದಿನ ವರ್ಷ ಟೇಲರ್ ಮಾಮನ ಒಬ್ಬಳೇ ಮಗಳಿಗೆ ಸಂಬಂಧ ಗೊತ್ತಾಯಿತು. ಹೆಂಡತಿ ಇನ್ನೂ ಕಾರವಾರದಲ್ಲಿ ನನ್ನ ತಾಯಿಯ ಜೊತೆಗಿದ್ದಳು, ನಾನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ದೀಪಾವಳಿಯ ಹಿಂದುಮುಂದಿನ ದಿನಗಳು. ಒಂದು ಮಧ್ಯಾಹ್ನ ಊಟ ಮುಗಿಸಿ ಬರುತ್ತಿದ್ದವನನ್ನು ಮಾಮ ಕೈಸನ್ನೆ ಮಾಡಿ ಒಳಗೆ ಕರೆದರು. ಮೇಜಿನ ಮೇಲೆ ಬೂದಿ ಬಣ್ಣದ ಕೋಟಿನ ಬಟ್ಟೆ ಬಿಚ್ಚಿಟ್ಟಿತ್ತು. ಊರಿಗೆಲ್ಲ ಕೋಟು ಹೊಲಿದವರು ತಮಗೆಂದು ಒಂದನ್ನೂ ಹೊಲಿದುಕೊಂಡಿರಲಿಲ್ಲ. ಮಗಳು ಹಟ ಹಿಡಿದಿದ್ದಳಂತೆ. ಅಂಗಡಿಯಲ್ಲಿ ನಾವಿಬ್ಬರೇ. ಅವರು ಮುಂದಿನ ಬಾಗಿಲನ್ನು ಅರ್ಧ ಎಳೆದುಕೊಂಡರು. ಅವರು ಹಾಗೆ ಬಾಗಿಲು ಎಳೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನೀನು ಅಳತೆಯವ. ನಂದೊಂದು ಓದಿ ಹೇಳು" ಎಂದರು.

ನಿಮ್ಮ ಅಳತೆ ನಿಮಗೆ ಗೊತ್ತಿಲ್ಲವೇ ಮಾಮ ಎಂದು ತಮಾಷೆ ಮಾಡಿದೆ. ಇಪ್ಪತ್ತು ವರ್ಷದಿಂದ ಅವರ ಎದೆ ಮೂವತ್ತೆಂಟು ಎಂಬುದು ನನಗೂ ಗೊತ್ತಿತ್ತು. ಯಾರಾದರೂ ಗಿರಾಕಿ ದಪ್ಪಗಾಗಿ ಬಂದರೆ, ನನ್ನನ್ನು ನೋಡು, ಮೂವತ್ತೆಂಟಕ್ಕೆ ಗೂಟ ಹೊಡೆದು ಕಟ್ಟಿಟ್ಟಿದ್ದೇನೆ ಎಂದು ಹೇಳುವುದು ಅವರ ಮಾಮೂಲು.

"ಗೊತ್ತಿತ್ತು..." ಎಂದು ಅಲ್ಲಿಗೇ ನಿಲ್ಲಿಸಿದರು. ಆಮೇಲೆ, "ನಾ ಉಸ್ರು ಬಿಟ್ಟ ಮೇಲೆ ಓದು. ಇದ್ದದ್ದು ಇದ್ದ ಹಾಗೆ ಹೇಳು. ಮನೇಲಿ ಎಂತದೂ ಬಾಯಿ ಬಿಡ್ಬೇಡ" ಎಂದರು.

ಜಾಕೀಟು ಕಳಚಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈ ಇಳಿಬಿಟ್ಟು, ಗೋಡೆಯ ಕಡೆ ನೋಡುತ್ತ ನಿಂತರು. ತಲೆ ಬಗ್ಗಿಸಿದರೆ ಎದೆ ಕುಸಿಯುತ್ತದೆ, ಅಳತೆ ಕೆಡುತ್ತದೆ. ಅದಕ್ಕೇ ಟೇಲರನೂ ತನ್ನ ಅಳತೆಗೆ ಇನ್ನೊಬ್ಬರನ್ನು ನಂಬಬೇಕು. ನಾನು ಪಟ್ಟಿ ಸುತ್ತಿದೆ. ಪೌಡರಿನ ವಾಸನೆ. ಅಂಗಿಯ ಮೇಲೆ ಬೆರಳಿಟ್ಟಾಗ ಒಳಗಿನ ಪಕ್ಕೆಲುಬು ಒಂದೊಂದೂ ಕೈಗೆ ತಾಗಿತು. ಅಷ್ಟು ದಿನ ಅವರು ಅಂಗಿಯ ಮೇಲೆ ಹಾಕಿಕೊಳ್ಳುತ್ತಿದ್ದ ಆ ದೊಗಳೆ ಜಾಕೀಟು ಯಾತಕ್ಕೆ ಎಂಬುದು ಆಗ ಹೊಳೆಯಿತು. ಅವರು ನಿಧಾನವಾಗಿ ಉಸಿರು ಬಿಟ್ಟರು. ಪಟ್ಟಿ ಕೂಡಿದಲ್ಲಿ ನೋಡಿದೆ. ಮೂವತ್ತೈದು.

ಕಣ್ಣು ತಪ್ಪಿತೇನೋ ಎಂದು ಮತ್ತೆ ನೋಡಿದೆ. ಮೂವತ್ತೈದೂ ಪೂರ್ತಿಯಿಲ್ಲ, ಒಂದು ಗೆರೆ ಕಮ್ಮಿಯೇ. ಅವರ ಕುತ್ತಿಗೆಯ ಬದಿಯ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಅವರೂ ಹೆದರಿದ್ದರೆಂದು ಈಗ ನನಗೆ ಗೊತ್ತು, ಆಗ ನನ್ನ ಹೆದರಿಕೆಯೇ ನನಗೆ ಕಿವಿ ಕಿವುಡಾಗುವಷ್ಟಿತ್ತು. ನಾನೊಂದು ಸಂಖ್ಯೆ ಹೇಳುತ್ತೇನೆ, ಹೇಳಿದ ಕೂಡಲೇ ಈ ಮನುಷ್ಯ ರೋಗಿಯಾಗುತ್ತಾನೆ, ಮದುವೆಯ ಮನೆ ಆಸ್ಪತ್ರೆಯ ಮನೆಯಾಗುತ್ತದೆ, ಅದೆಲ್ಲ ನನ್ನ ಬಾಯಿಂದಲೇ... ಇಷ್ಟನ್ನೆಲ್ಲ ಅಳೆದು ತೂಗಿ ನೋಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಗದ್ದೆಯಲ್ಲಿ ಆಗುತ್ತಿದ್ದ ಹಾಗೆಯೇ ಆಯಿತು. ಅಂಕಿ ಇಳಿದದ್ದು ಕಣ್ಣಿಗೆ ಕಂಡಿತು, ಬಾಯಿ ಹಳೆಯದನ್ನು ಹೇಳಿತು.

"ಮೂವತ್ತೆಂಟು" ಎಂದೆ.

"ಮೂವತ್ತೆಂಟಾ? ಸಮಾ ಕಂಡ್ಯಾ?"

"ಕಂಡೆ ಮಾಮ. ಮೂವತ್ತೆಂಟೇ."

ಅವರ ಕೈ ಪಟ್ಟಿ ಹಿಡಿಯಲು ಮೇಲೆ ಬಂತು. ಅದು ಸಿಗುವ ಮೊದಲೇ ನಾನು ಬಿಟ್ಟುಬಿಟ್ಟಿದ್ದೆ. ಪಟ್ಟಿ ಸರ್ರನೆ ನೆಲಕ್ಕೆ ಜಾರಿತು. ಸೊಂಟವನ್ನೂ ಓದಿಸಿದರು, ಅದಕ್ಕೂ ಹಳೆಯದನ್ನೇ ಹೇಳಿದೆ, ಒಂದು ಸುಳ್ಳಿನ ಮೇಲೆ ಇನ್ನೊಂದು ಸುಲಭವಾಗಿ ಕೂರುತ್ತದೆ. ಅವರು ತಿರುಗಿ ನಿಂತಾಗ ಮುಖ ಹತ್ತು ವರ್ಷ ಎಳೆಯದಾಗಿತ್ತು. ಎದುರಿನ ಹೊಟೇಲಿಗೆ ಕೂಗಿ ಎರಡು ಚಾ, ಎರಡು ಬನ್ಸ್ ತರಿಸಿದರು. ತಿಂಗಳಿನಿಂದ ಅನ್ನ ಸೇರುತ್ತಿಲ್ಲ ಎನ್ನುತ್ತಿದ್ದವರು ಬನ್ಸನ್ನು ಚಾದಲ್ಲಿ ಅದ್ದಿ ಅದ್ದಿ ತಿಂದರು. ಬಾಗಿಲು ಪೂರ್ತಿ ತೆಗೆದರು. ನಾನು ಬನ್ಸನ್ನು ಕೈಯಲ್ಲಿ ಹಿಡಿದು ಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಬಂತು, ಅವರು ಕೆಳಗೆ ಸಿಳ್ಳೆ ಹಾಕುತ್ತ ಬಟ್ಟೆಗೆ ಗೆರೆ ಎಳೆಯುತ್ತಿದ್ದರು. ಅವರ ಆ ಸಿಳ್ಳೆ ಕೇಳುತ್ತ ಯಾವ ಬಾಯಲ್ಲಿ ಹೇಳುವುದು.

ಮೂರು ವಾರ ಕಳೆದು ಕೋಟಿನ ಕಚ್ಚಾ ಹೊಲಿಗೆ ಮುಗಿಯಿತು. ಟ್ರಯಲ್ ನೋಡಲು ಅವರ ಹೆಂಡತಿ, ಮಗಳು ಇಬ್ಬರೂ ಅಂಗಡಿಗೆ ಬಂದಿದ್ದರು. ಮೆಟ್ಟಿಲಿಳಿಯುತ್ತಿದ್ದ ನನ್ನನ್ನೂ ಮಾಮ ಬಿಡಲಿಲ್ಲ. ಅಳತೆ ಕೊಟ್ಟವನು ನೋಡಬೇಕು ಎಂದು ಎಳೆದುಕೊಂಡರು. ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಭುಜ ಎರಡೂ ಕಡೆ ತೋಳಿನ ಮೇಲೆ ಜೋತುಬಿದ್ದಿತ್ತು. ಎದೆಯ ಹತ್ತಿರ ಒಂದು ಮಗು ಹಿಡಿಸುವಷ್ಟು ಜಾಗ. ಮಗಳು ಮೊದಲು ನಕ್ಕಳು. ಯಾರೂ ನಗದಿದ್ದುದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಮ ಕನ್ನಡಿಯನ್ನೇ ನೋಡುತ್ತಿದ್ದರು. ಕನ್ನಡಿಯೊಳಗಿಂದ ಅವರ ಕಣ್ಣು ನನ್ನನ್ನು ಹುಡುಕಿತು. ನಾನು ಮೇಜಿನ ಮೇಲಿನ ಚಾಕಿನ ಗೆರೆ ನೋಡುತ್ತ ನಿಂತೆ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾಯುತ್ತಿದ್ದೆ.

ಕೇಳಲಿಲ್ಲ. "ನನ್ನ ಕತ್ರಿ ತಪ್ತು ಕಾಣ್ತದೆ" ಎಂದರು.

ನಿಮ್ಮ ಕತ್ತರಿ ಯಾವತ್ತೂ ತಪ್ಪಿದ್ದಿಲ್ಲವಲ್ಲ ಎಂದು ಅವರ ಹೆಂಡತಿ ಹೇಳಿದರೆ, ವಯಸ್ಸಾಯಿತು, ಕಣ್ಣಿನ ಸೂಕ್ಷ್ಮ ಹೋಯಿತು ಎಂದು ಕೋಟು ಕಳಚಿ ಮಡಚಿಟ್ಟರು. ನಲವತ್ತು ವರ್ಷ ಒಂದು ಗೆರೆ ತಪ್ಪದೆ ಬಟ್ಟೆ ಕತ್ತರಿಸಿದ ಮನುಷ್ಯ, ನನ್ನ ಮಾತಿಗಿಂತ ತನ್ನ ಕೈಯನ್ನೇ ಸುಳ್ಳು ಮಾಡಿಕೊಂಡ. ಅದೊಂದು ಗಳಿಗೆ ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ಅವರ ಹೆಂಡತಿ, ಮಗಳು ಎದುರಿಗಿದ್ದರು ಎಂಬುದು ನನ್ನ ನೆಪ. ನಿಜವೆಂದರೆ, ಮೊದಲು ಅವರ ರೋಗಕ್ಕೆ ಹೆದರಿದ್ದೆ, ಈಗ ನನ್ನ ಸುಳ್ಳು ಹೊರಬೀಳುವುದಕ್ಕೆ ಹೆದರಿದೆ. ಎರಡನೆಯದು ಮೊದಲಿನದಕ್ಕಿಂತ ಕೀಳು ಹೆದರಿಕೆ, ಅದು ಆಗಲೇ ಗೊತ್ತಿತ್ತು ನನಗೆ.

ಕೋಟಿನ ಹೊಲಿಗೆ ಬಿಚ್ಚಿ ಒಳಗೆ ಹಿಡಿದು ಹೇಗೋ ಮದುವೆಗೆ ಹಾಕಿಕೊಂಡರು. ಅದಾದ ಮೇಲೆ ಯಾರ ಕೋಟನ್ನೂ ಅವರು ಹಿಡಿಯಲಿಲ್ಲ. ಬಟ್ಟೆ ಹಿಡಿದು ಬಂದವರನ್ನು ಕಾರವಾರದ ಟೇಲರುಗಳ ಕಡೆ ಕಳಿಸುತ್ತಿದ್ದರು. ಶಾಲೆಯ ಯೂನಿಫಾರ್ಮು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಇಂಥದ್ದಕ್ಕೆ ಕುಳಿತರು. ಒಂದು ದಿನ ನೋಡಿದರೆ ಬೋರ್ಡಿನ ಮೇಲಿದ್ದ 'ಸೂಟ್ ಸ್ಪೆಷಲಿಸ್ಟ್' ಎಂಬುದಕ್ಕೆ ಬಿಳಿ ಬಣ್ಣ ಬಳಿದಿತ್ತು. ನಾನು ಕೆಲಸಕ್ಕೆ ಹೋಗುವಾಗ ಅವರು ಬಗ್ಗಿ ಮಷಿನ್ ತುಳಿಯುವ ಹೊತ್ತು ನೋಡಿ ಮೆಟ್ಟಿಲಿಳಿಯುತ್ತಿದ್ದೆ. ಅವರು ಊಟಕ್ಕೆ ಹೋದಾಗ ಹತ್ತುತ್ತಿದ್ದೆ. ಸಾಲಗಾರನಲ್ಲ, ಕಳ್ಳನಲ್ಲ, ಆದರೂ ಸ್ವಂತ ಕೋಣೆಗೆ ತಲೆಮರೆಸಿಕೊಂಡು ಹೋಗಿ ಬರುತ್ತಿದ್ದೆ. ಮೇಲೆ ಕುಳಿತರೆ ಕೆಳಗಿನಿಂದ ಅವರ ಕೆಮ್ಮು ಕೇಳುತ್ತಿತ್ತು.

ಮಳೆ ಹಿಡಿಯುವ ಹೊತ್ತಿಗೆ ಅಂಗಡಿ ಮುಚ್ಚಿತು. ಮನೆಯವರು ಅವರನ್ನು ದಕ್ಷಿಣದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದರು. ಅವರ ಹೆಂಡತಿ ಅಂಗಡಿಯ ಬೀಗ ತೆಗೆಯಲು ಬಂದವರು ನನ್ನನ್ನು ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿದರು. ಕೈಯಲ್ಲಿ ಕೊಡೆ, ಕೊಡೆಯಿಂದ ನೀರು ಸೋರುತ್ತಿತ್ತು.

"ಮೈ ಇಳಿಯೂಕೆ ಹತ್ತಿ ಎಷ್ಟು ದಿನ ಆಯ್ತು ಕೇಳ್ದ್ರು ಡಾಕ್ಟ್ರು. ದೀಪಾವಳಿ ಹೊತ್ತಿಗೇ ಬಂದಿದ್ರೆ ಎಂತಾದ್ರೂ ಮಾಡೂಕೆ ಬರ್ತಿತ್ತು ಅಂದ್ರು. ನಂಗೆ ಆವಾಗ್ಲೇ ಸಂಶಯ ಇತ್ತು, ಮಾರಾಯಾ. ಹೋಗುವ ಹೋಗುವ ಅಂದ್ರೆ, ಅಳತೆ ನೋಡ್ಸಿದ್ದೆ, ಒಂದು ಗೆರೆನೂ ಕಮ್ಮಿ ಆಗ್ಲಿಲ್ಲ ಅಂತ ನನ್ನ ಬಾಯಿ ಮುಚ್ಸಿದ್ರು."

ಅವರಿಗೆ ಅಳತೆ ಓದಿದವನು ನಾನೇ ಎಂಬ ನೆನಪಿರಲಿಲ್ಲವೋ, ಅದರಲ್ಲಿ ಸುಳ್ಳಿರಬಹುದೆಂದು ಅವರ ತಲೆಗೆ ಬರಲೇ ಇಲ್ಲವೋ. ಅವರು ನಿನ್ನನ್ನು ಕೇಳುತ್ತಿರುತ್ತಾರೆ, ಒಮ್ಮೆ ಬಂದು ಹೋಗು ಎಂದು ಹೇಳಿ ಹೋದರು. ಆ ಒಮ್ಮೆ ಬರಲು ನನಗೆ ಒಂಬತ್ತು ದಿನ ಬೇಕಾಯಿತು. ಎರಡು ಸಲ ಅವರ ಮನೆಯ ಪಾಗಾರದ ಗೋಡೆಯ ತನಕ ಹೋಗಿ, ಒಳಗಿನ ಕೆಮ್ಮು ಕೇಳಿ ವಾಪಸು ಬಂದಿದ್ದೆ.

ಹೋದ ದಿನ ಅವರು ಕಿಟಕಿಯ ಬಳಿ ಮಂಚದ ಮೇಲೆ ಇದ್ದರು. ಮಂಚದ ಮೇಲೆ ಹೊದಿಕೆ ಮಾತ್ರ ಇದ್ದ ಹಾಗೆ ಕಂಡಿತು. ನನ್ನನ್ನು ನೋಡಿ, ಬಂದರಿಗೆ ಮೀನು ಬಂತೋ ಎಂದು ಕೇಳಿದರು. ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕುಳಿತು, ಅವರ ಮುಖ ನೋಡದೆ ಹೇಳಿದೆ. ಆ ದಿನ ಪಟ್ಟಿ ಮೂವತ್ತೆಂಟು ತೋರಿಸಿರಲಿಲ್ಲ, ಮೂವತ್ತೈದು ತೋರಿಸಿತ್ತು, ನಾನು ಸುಳ್ಳು ಓದಿದೆ ಎಂದೆ. ಬೈಯಲಿ, ಉಗಿಯಲಿ, ಹೊರಗೆ ಹಾಕಲಿ ಎಂದು ಕಾದು ಕುಳಿತೆ.

"ಮೂವತ್ತೈದಾ?" ಎಂದರು. ಮೊಣಕೈ ಊರಿ ಸ್ವಲ್ಪ ಮೇಲೆದ್ದರು. "ಹಂಗಾರೆ ನನ್ನ ಕೈ ತಪ್ಪಿರ್ಲಿಲ್ಲ."

ಅಡಿಗೆ ಮನೆಯಲ್ಲಿದ್ದ ಹೆಂಡತಿಯನ್ನು ಕೂಗಿ ಕರೆದರು. ಕೂಗುವಷ್ಟು ದನಿ ಇರಲಿಲ್ಲ, ಆದರೂ ಕೂಗಿದರು. "ಕೇಳ್ತೇ? ಕೋಟು ಸಮಾ ಕತ್ತರ್ಸಿದ್ದೆ ನಾನು. ಅಳತೆ ಬೇರೆ ಇತ್ತು. ಕೈ ತಪ್ಪಿರ್ಲಿಲ್ಲ." ಅವರ ಮುಖದಲ್ಲಿದ್ದದ್ದು ಸಂತೋಷವೇ. ಅದನ್ನು ನೋಡುವುದಕ್ಕಿಂತ ಅವರು ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ಸೌಟು ಹಿಡಿದು ನಿಂತು ಅವರನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಒಂದೂ ಮಾತಾಡದೆ ಒಳಗೆ ಹೋದರು. ಆ ಮನೆಯಲ್ಲಿ ನನಗೆ ಸಿಕ್ಕ ಶಿಕ್ಷೆ ಅದೊಂದೇ, ಅದು ಸಲ್ಲಬೇಕಾದದ್ದೇ.

ಏಳಲು ಹೊರಟಾಗ ಮಾಮ ನನ್ನ ಅಂಗಿಯ ತೋಳು ಹಿಡಿದರು. ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು, ಅವರೇ ಹೊಲಿದದ್ದು. "ಹೆದ್ರಿದ್ಯಾ ಆವತ್ತು?" ಎಂದು ಕೇಳಿದರು. ಹೂಂ ಎಂದೆ.

"ನಾನೂ ಹೆದ್ರಿದ್ದೆ, ತಮಾ. ಅದಕ್ಕೇ ನಿನ್ನ ಕರ್ದದ್ದು."

ಚೌತಿಗೆ ಇನ್ನೂ ನಾಲ್ಕು ದಿನ ಇರುವಾಗ ಅವರು ಹೋದರು. ಆ ವರ್ಷ ಮುಗಿಯುವುದರೊಳಗೆ ನಾನು ಅಂಕೋಲೆಯ ಕೋಣೆ ಬಿಟ್ಟು, ಸರ್ವೆ ಕೆಲಸವನ್ನೂ ಬಿಟ್ಟು ಕಾರವಾರದಲ್ಲಿ ಒಂದು ಕಚೇರಿಯ ಮೇಜು ಹಿಡಿದೆ. ಅಂಕೋಲೆಯ ಮೇಲೆ ಬಸ್ಸು ಹೋಗುವಾಗ ಈಗಲೂ ಆ ರಸ್ತೆಯ ಕಡೆ ನೋಡುವುದಿಲ್ಲ. ಅಲ್ಲಿ ಈಗ ಮೊಬೈಲ್ ಅಂಗಡಿ ಇದೆಯಂತೆ...

ಹೊರಗೆ ಗೇಟಿನ ಸದ್ದಾಯಿತು. ಹೆಂಡತಿ ಬಂದಿದ್ದಳು. ನಾನು ಕೋಣೆಯ ಬಾಗಿಲು ತೆಗೆದು ಅವಳನ್ನು ಒಳಗೆ ಕರೆದೆ. ಅಂಗಿಯನ್ನು ಮೇಲೆತ್ತಿ ಹಿಡಿದು, ಪಟ್ಟಿ ಅವಳ ಕೈಗೆ ಕೊಟ್ಟೆ. ಸೊಂಟ ಓದು, ಇದ್ದದ್ದೇ ಓದು ಎಂದೆ. ಕಡೆಗೂ ಬುದ್ಧಿ ಬಂತಾ, ಅಣ್ಣ ಮೂರು ಸಲ ಫೋನು ಮಾಡಿದ ಎನ್ನುತ್ತ ಅವಳು ಪಟ್ಟಿ ಸುತ್ತಿದಳು. ಬೆಲ್ಟಿನ ತೂತುಗಳನ್ನು ನೋಡಿದಳು. ನಾನು ಉಸಿರು ಬಿಗಿ ಹಿಡಿದಿದ್ದೆ, ಅದನ್ನು ಬಿಡಲು ಬಹಳ ಕಷ್ಟವಾಯಿತು. ಬಿಟ್ಟೆ.

"ಮೂವತ್ತೊಂದೂವರೆ" ಎಂದಳು. ನನ್ನ ಪ್ಯಾಂಟುಗಳೆಲ್ಲ ಮೂವತ್ತಾರರವು, ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಪಟ್ಟಿಯನ್ನು ಬಿಡಿಸಿ ಇನ್ನೊಮ್ಮೆ ಸುತ್ತಿದಳು. ಅಷ್ಟೇ ಬಂತು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ತೀರಾ ಸಿಟ್ಟು ಬಂದಾಗ ಮಾತ್ರ ಅವಳು ಕನ್ನಡಕ್ಕೆ ಹೊರಳುತ್ತಾಳೆ.

"ಎಷ್ಟು ದಿನದಿಂದ? ಬಾಯಿ ಇರ್ಲಿಲ್ವಾ ನಿಮ್ಗೆ?"

ಮಳೆಗಾಲ ಮುಗಿದಾಗಿನಿಂದ ಎಂದೆ. ಅವಳ ಕಣ್ಣು ತುಂಬಿತು. ಪಟ್ಟಿಯ ಎರಡೂ ತುದಿಯನ್ನು ಹಾಗೆಯೇ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು, ಬಿಡಲಿಲ್ಲ. "ನಾಳೆ ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗೂದು. ಖಾಲಿ ಹೊಟ್ಟೆಲಿ ಬನ್ನಿ, ರಕ್ತ ಕೊಡ್ಬೇಕಾಗ್ತದೆ. ನಾನೂ ಬರ್ತೆ" ಎಂದಳು.

ನಾಳೆ ಡಾಕ್ಟರು ಏನು ಹೇಳುತ್ತಾರೋ ಗೊತ್ತಿಲ್ಲ. ಇದನ್ನು ಬರೆಯುವಾಗಲೂ ಕೈ ತಣ್ಣಗಿದೆ, ಹೆದರಿಕೆ ಒಂದು ಗೆರೆಯೂ ಕಮ್ಮಿಯಾಗಿಲ್ಲ. ಆದರೆ ಸಿಟ್ಟಿನದನ್ನು ಬಿಟ್ಟರೆ ಅವಳು ಆಡಿದ್ದು ಒಟ್ಟು ಮೂರು ಮಾತು. ಮೂವತ್ತೈದು ಬಂತು ಮಾಮ, ನಾಳೆ ಡಾಕ್ಟರ ಹತ್ತಿರ ಹೋಗುವ, ನಾನೂ ಬರುತ್ತೇನೆ... ಇಷ್ಟೇ ಇತ್ತು ನಾನು ಹೇಳಬೇಕಾಗಿದ್ದದ್ದು. ಅದನ್ನು ಹೇಳಿಸಿಕೊಳ್ಳಲೆಂದೇ ಅವರು ಬಾಗಿಲು ಎಳೆದುಕೊಂಡು, ಕನ್ನಡಕ ತೆಗೆದಿಟ್ಟು, ಎರಡೂ ಕೈ ಇಳಿಬಿಟ್ಟು ನನ್ನ ಮುಂದೆ ನಿಂತಿದ್ದರು.